ಫೈಲಿನಲ್ಲಿ ಅವರ ಮಾತು ಎಲ್ಲಿದೆ?

ಆಸ್ಪತ್ರೆಯಿರಲಿ, ಕ್ಲಿನಿಕ್ಕಿರಲಿ, ಸಮಾಲೋಚನಾ ಕೇಂದ್ರವಿರಲಿ, "ಇಲ್ಲಿ ವ್ಯಕ್ತಿಯೇ ಕೇಂದ್ರ" ಎಂದು ಹೇಳಿಕೊಳ್ಳದ ಮಾನಸಿಕ ಆರೋಗ್ಯ ಸೇವೆ ಈಗ ಕಡಿಮೆ. ಆ ಮಾತನ್ನು ನಂಬಬೇಕೋ ಬೇಡವೋ ತಿಳಿಯಲು ಸಲೀಸಾದ ದಾರಿಯೊಂದಿದೆ. ಯಾವುದಾದರೊಂದು ಕೇಸ್ ಫೈಲ್ ತೆರೆದು ಕಳೆದ ಆರು ತಿಂಗಳ ಪುಟಗಳನ್ನು ತಿರುವಿ ಹಾಕಿ. ಚಿಕಿತ್ಸೆ ಪಡೆಯುತ್ತಿರುವವರು ಆಡಿದ ಒಂದು ವಾಕ್ಯ, ಅವರದೇ ಪದಗಳಲ್ಲಿ, ಎಲ್ಲಾದರೂ ಬರೆದಿದೆಯೇ? ಬರೆದಿದ್ದರೆ, ಆ ವಾಕ್ಯದ ದೆಸೆಯಿಂದ ಬದಲಾದ ತೀರ್ಮಾನ ಒಂದಾದರೂ ಇದೆಯೇ? ಮಾತ್ರೆ ನುಂಗುವ ಹೊತ್ತು ಬದಲಾಗಿರಬಹುದು, ಭೇಟಿಯ ದಿನ ಬದಲಾಗಿರಬಹುದು, ಗುಂಪು ಚಿಕಿತ್ಸೆ ಬೇಡವೆಂದು ಕೈಬಿಟ್ಟಿರಬಹುದು. ಮೊದಲನೆಯದು ಅಲ್ಲಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಹುಡುಕಾಡಬೇಕಾಗುತ್ತದೆ.

ಮೆದುವಾಗಿ ಮಾತಾಡಿಸುವುದು, ಹೆಸರು ನೆನಪಿಟ್ಟುಕೊಳ್ಳುವುದು, ಕೂರಲು ಕುರ್ಚಿ ಕೊಡುವುದು ಎಲ್ಲ ಬೇಕಾದದ್ದೇ. ಆದರೆ ಅದು ಸೌಜನ್ಯ. ಸೌಜನ್ಯದಲ್ಲಿ ತೀರ್ಮಾನ ಮೊದಲೇ ಆಗಿಹೋಗಿರುತ್ತದೆ, ಅದನ್ನು ನಯವಾಗಿ ತಿಳಿಸುತ್ತಾರೆ ಅಷ್ಟೆ. ಇಲ್ಲಿ ಕೇಳುತ್ತಿರುವುದು ಬೇರೆ: ಎದುರು ಕೂತವರ ಮಾತಿಗೆ ಯೋಜನೆಯನ್ನು ತಿದ್ದುವ ಶಕ್ತಿ ಇದೆಯೋ ಇಲ್ಲವೋ.

ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಲೇಖನವೊಂದರಿಂದ ಎಲ್ಲರೂ ಮೂರು ಸಂಗತಿ ಎತ್ತಿಕೊಳ್ಳುತ್ತಾರೆ. ಸಹಾನುಭೂತಿಯ ಅರಿವು, ಷರತ್ತಿಲ್ಲದ ಗೌರವ, ಸಮಾಲೋಚಕರ ಒಳಗೂ ಹೊರಗೂ ಒಂದೇ ಆಗಿರುವ ಪ್ರಾಮಾಣಿಕತೆ. ತರಬೇತಿಗಳಲ್ಲಿ ಇವನ್ನು ಬಾಯಿಪಾಠ ಮಾಡಿಸುತ್ತಾರೆ. ಆದರೆ ಅವರು ಹಾಕಿದ ಷರತ್ತುಗಳು ಆರು. ಆರನೆಯದನ್ನು ಯಾರೂ ಹೇಳುವುದಿಲ್ಲ: ಸಮಾಲೋಚಕರಲ್ಲಿರುವ ಆ ಅರಿವು, ಆ ಗೌರವ ಎದುರಿನವರಿಗೆ ಸ್ವಲ್ಪಮಟ್ಟಿಗಾದರೂ ತಲುಪಿರಬೇಕು. ನನಗೆ ನಿಮ್ಮ ಮೇಲೆ ಬಹಳ ಗೌರವವಿದೆ ಎಂದು ನಾನು ಅಂದುಕೊಂಡರೆ ಸಾಲದು, ಅದು ನಿಮಗೆ ಗೊತ್ತಾಗಿರಬೇಕು. ತಲುಪಿತೇ ಎಂದು ತಿಳಿಯಬೇಕಾದರೆ ಕೇಳಬೇಕು. "ಇವತ್ತು ನಾನು ನಿಮ್ಮ ಮಾತು ಸರಿಯಾಗಿ ಹಿಡಿದೆನಾ, ಎಲ್ಲಾದರೂ ತಪ್ಪಿದೆನಾ?" ಭೇಟಿಯ ಕೊನೆಯ ಎರಡು ನಿಮಿಷ ಇದಕ್ಕೆ ಮೀಸಲಿಡುವವರು ಬೆರಳೆಣಿಕೆಯಷ್ಟು.

ಮೊದಲ ಭೇಟಿ

ವೈದ್ಯರು ರೋಗಿಯ ಮೊದಲ ಮಾತನ್ನು ಎಷ್ಟು ಬೇಗ ತಡೆಯುತ್ತಾರೆ ಎಂದು 1984ರಲ್ಲಿ ಅಮೆರಿಕದಲ್ಲಿ ಅಳೆದಾಗ ಸರಾಸರಿ 18 ಸೆಕೆಂಡು ಬಂತು. ತಡೆಯದಿದ್ದರೆ ಇಡೀ ದಿನ ಮಾತಾಡುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಸ್ವಿಟ್ಜರ್ಲೆಂಡಿನ ಹೊರರೋಗಿ ವಿಭಾಗವೊಂದರಲ್ಲಿ ತಡೆಯದೆ ಬಿಟ್ಟು ನೋಡಿದರು, ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸರಾಸರಿ 92 ಸೆಕೆಂಡು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ತಾವಾಗಿಯೇ ಮುಗಿಸಿದ್ದರು. ಇವೆರಡೂ ಸಾಮಾನ್ಯ ವೈದ್ಯಕೀಯದ ಲೆಕ್ಕ. ಮನಸ್ಸಿನ ವಿಷಯದಲ್ಲಿ ಮಾತು ಇನ್ನಷ್ಟು ನಿಧಾನ, ನಡುವೆ ಮೌನಗಳು ಜಾಸ್ತಿ. ಹಾಗಿದ್ದರೂ ಮೊದಲ ಐದು ನಿಮಿಷ ಪೆನ್ನು ಕೆಳಗಿಟ್ಟು ಕೂತರೆ ಯಾವ ಕ್ಲಿನಿಕ್ಕೂ ಮುಳುಗುವುದಿಲ್ಲ.

ನಿಜವಾದ ತೊಡಕು ಬರುವುದು ಮನೆಯವರು ಜೊತೆಗಿದ್ದಾಗ. ಕರೆತಂದವರು ಮೊದಲು ಮಾತಾಡುತ್ತಾರೆ, ಬಂದವರು ನೆಲ ನೋಡುತ್ತಾ ಕೂರುತ್ತಾರೆ. ಹತ್ತು ನಿಮಿಷದಲ್ಲಿ ಕಥೆ ಪೂರ್ತಿ ಬರೆದಾಗಿರುತ್ತದೆ, ಅದರಲ್ಲಿ ಕಥಾನಾಯಕರ ಮಾತು ಒಂದೂ ಇರುವುದಿಲ್ಲ. ಕ್ರಮ ತಿರುಗಬೇಕು. ಮೊದಲು ಬಂದವರ ಜೊತೆ ಒಬ್ಬರೇ ಮಾತು. ಆಮೇಲೆ ಅವರನ್ನೇ ಕೇಳುವುದು:

"ನಿಮ್ಮ ಅಕ್ಕ ಹೊರಗಡೆ ಕೂತಿದ್ದಾರೆ. ಅವರನ್ನ ಒಳಗೆ ಕರೀಲಾ?"

"ಕರೀರಿ. ಆದ್ರೆ ಕೆಲ್ಸ ಬಿಟ್ಟಿರೋದು ಅವಳಿಗೆ ಗೊತ್ತಿಲ್ಲ."

"ಸರಿ, ಆ ವಿಷಯ ನಾನು ಎತ್ತೋದಿಲ್ಲ. ಅವರು ಹೇಳೋದನ್ನ ಕೇಳಿಸಿಕೊಳ್ತೀನಿ. ನೀವೂ ಇಲ್ಲೇ ಇರಿ."

ಈ ಮೂರು ಸಾಲಿನಲ್ಲಿ ಗೌಪ್ಯತೆಯ ಅರ್ಧ ಪಾಠ ಮುಗಿದಿದೆ. ಬಹಳ ಸಿಬ್ಬಂದಿ ಗೌಪ್ಯತೆಯನ್ನು ಗೋಡೆಯೆಂದು ತಿಳಿಯುತ್ತಾರೆ. ಮನೆಯವರು ಫೋನ್ ಮಾಡಿ "ಮೂರು ದಿನದಿಂದ ನಿದ್ದೆ ಇಲ್ಲ, ಬಾಗಿಲು ಹಾಕ್ಕೊಂಡಿದ್ದಾನೆ" ಎಂದರೆ "ಅವರ ಬಗ್ಗೆ ಏನೂ ಮಾತಾಡೋ ಹಾಗಿಲ್ಲ" ಎಂದು ಫೋನ್ ಇಡುತ್ತಾರೆ. ಅದು ತಪ್ಪು. ಹೇಳುವುದಕ್ಕೆ ಅನುಮತಿ ಬೇಕು, ಕೇಳಿಸಿಕೊಳ್ಳುವುದಕ್ಕೆ ಬೇಡ. ಅವರ ಬಗ್ಗೆ ಒಂದಕ್ಷರವನ್ನೂ ಬಿಟ್ಟುಕೊಡದೆ ಮನೆಯವರ ಮಾತನ್ನು ಪೂರ್ತಿ ಕೇಳಿ, ಬರೆದುಕೊಂಡು, "ನೀವು ಹೇಳಿದ್ದು ತಂಡಕ್ಕೆ ತಲುಪುತ್ತದೆ" ಎನ್ನಬಹುದು. ಕರೆ ಬಂದಿತ್ತೆಂಬುದನ್ನು ಚಿಕಿತ್ಸೆ ಪಡೆಯುವವರಿಂದ ಮುಚ್ಚಿಡುವುದಾಗಿ ಮಾತ್ರ ಮಾತು ಕೊಡಬಾರದು.

ಇನ್ನರ್ಧ ಪಾಠ ಮಿತಿಯದು. ಎದುರಿನವರಿಂದ ಯಾರದಾದರೂ ಪ್ರಾಣಕ್ಕೆ ಗಂಭೀರ ಅಪಾಯವಿದೆ ಎಂದು ಗೊತ್ತಾದರೆ ಗುಟ್ಟು ಕಾಯುವುದಕ್ಕಿಂತ ರಕ್ಷಿಸುವ ಹೊಣೆ ದೊಡ್ಡದು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಟರಾಸಾಫ್ ಪ್ರಕರಣದಲ್ಲಿ ಹೇಳಿತು. ಎಲ್ಲಿ, ಹೇಗೆ, ಎಷ್ಟು ಎಂಬುದು ಆಯಾ ಕಾನೂನಿಗೆ ತಕ್ಕಂತೆ ಬೇರೆಯಾದರೂ ಮಿತಿಯೊಂದು ಇದ್ದೇ ಇದೆ. ನೈತಿಕತೆಯ ಪ್ರಶ್ನೆ ಇರುವುದು ಅದನ್ನು ಯಾವಾಗ ಹೇಳುತ್ತೇವೆ ಎಂಬಲ್ಲಿ. ಒಬ್ಬರು ಎದೆಯಲ್ಲಿದ್ದದ್ದನ್ನೆಲ್ಲ ಸುರಿದ ಮೇಲೆ "ಇದನ್ನು ನಾನು ಬೇರೆಯವರಿಗೆ ತಿಳಿಸಬೇಕಾಗುತ್ತೆ" ಎಂದರೆ ಅದು ಬಲೆ ಹಾಕಿ ಹಿಡಿದ ಹಾಗೆ. ಮೊದಲ ಭೇಟಿಯ ಮೊದಲ ನಿಮಿಷಗಳಲ್ಲೇ, ಕಥೆ ಶುರುವಾಗುವ ಮುಂಚೆ, ಎರಡು ವಾಕ್ಯದಲ್ಲಿ ಹೇಳಿಬಿಡಬೇಕು.

ಒಪ್ಪಿದರೆ ಬುದ್ಧಿವಂತರು, ಒಲ್ಲೆ ಎಂದರೆ ರೋಗಿ

ಒಪ್ಪಿಗೆ ಕೊಡುವ ಸಾಮರ್ಥ್ಯವನ್ನು ಅಳೆಯುವುದಕ್ಕೆ ಸಾಕಷ್ಟು ಸ್ಪಷ್ಟವಾದ ಅಳತೆಗೋಲಿದೆ. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ನಾಲ್ಕು ಸಂಗತಿ ಕೇಳುತ್ತದೆ. ವಿಷಯ ಅರ್ಥವಾಗುತ್ತದೆಯೇ, ತೀರ್ಮಾನಿಸುವಷ್ಟು ಹೊತ್ತು ಅದು ನೆನಪಿನಲ್ಲಿ ನಿಲ್ಲುತ್ತದೆಯೇ, ಸಾಧಕ ಬಾಧಕ ತೂಗಲು ಆಗುತ್ತದೆಯೇ, ತೀರ್ಮಾನವನ್ನು ಯಾವ ರೀತಿಯಲ್ಲಾದರೂ ತಿಳಿಸಲು ಆಗುತ್ತದೆಯೇ. ಇದು ಒಬ್ಬ ಮನುಷ್ಯನ ಮೇಲೆ ಒತ್ತುವ ಮುದ್ರೆಯಲ್ಲ, ಒಂದು ತೀರ್ಮಾನಕ್ಕೆ ಒಂದು ಹೊತ್ತಿನಲ್ಲಿ ಮಾಡುವ ಪರೀಕ್ಷೆ. ಧ್ವನಿಗಳು ಕೇಳಿಸುತ್ತಿರುವವರು ಕೂಡ ಈ ಮಾತ್ರೆ ಬೇಕೋ ಬೇಡವೋ ಎಂದು ಸರಿಯಾಗಿಯೇ ತೂಗಬಲ್ಲರು. ಬೆಳಿಗ್ಗೆ ಆಗದ ತೀರ್ಮಾನ ಮಧ್ಯಾಹ್ನಕ್ಕೆ ಆಗಬಹುದು, ಅದರಲ್ಲೂ ರಾತ್ರಿ ಕೊಟ್ಟ ನಿದ್ದೆ ಮಾತ್ರೆಯ ಮಂಪರು ಇಳಿದ ಮೇಲೆ.

ಆಚರಣೆಯಲ್ಲಿ ತಪ್ಪುವುದು ಇಲ್ಲಿ: ಒಪ್ಪಿದವರ ಸಾಮರ್ಥ್ಯವನ್ನು ಯಾರೂ ಪ್ರಶ್ನಿಸುವುದಿಲ್ಲ. ಒಲ್ಲೆ ಎಂದ ಕೂಡಲೇ ಪರೀಕ್ಷೆ ಶುರುವಾಗುತ್ತದೆ. ಮಂಕಾಗಿ ತಲೆಯಾಡಿಸಿ ಸಹಿ ಹಾಕಿದವರ ಒಪ್ಪಿಗೆ ನಿಜಕ್ಕೂ ಒಪ್ಪಿಗೆಯೇ ಎಂದು ನೋಡುವುದು ಇನ್ನೂ ಮುಖ್ಯ. ಇದಕ್ಕೆ ಸುಲಭದ ಉಪಾಯ, ತಿರುಗಿ ಹೇಳಿಸುವುದು. "ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ನಾನು ಸರಿಯಾಗಿ ಹೇಳಿದೆನೋ ಇಲ್ವೋ ನೋಡ್ಕೋಬೇಕು, ಈ ಮಾತ್ರೆ ಯಾಕೆ, ಏನು ತೊಂದ್ರೆ ಆಗಬಹುದು ಅಂತ ನೀವೊಮ್ಮೆ ಹೇಳ್ತೀರಾ?" ಎಂದು ಕೇಳಿ. ಆಗ ಪರೀಕ್ಷೆಗೆ ಕೂತವರು ಹೇಳಿದವರಾಗುತ್ತಾರೆ, ಕೇಳಿದವರಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ 2006ರಲ್ಲಿ ಅಂಗೀಕಾರವಾಯಿತು. ಅದರ 12ನೇ ವಿಧಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಎಲ್ಲರಿಗೂ ಸಮಾನವಾದ ಕಾನೂನು ಸಾಮರ್ಥ್ಯವಿದೆ, ತೀರ್ಮಾನಿಸಲು ಕಷ್ಟವಾದರೆ ಬೆಂಬಲ ಕೊಡಿ ಎನ್ನುತ್ತದೆ. ಇನ್ನೊಬ್ಬರ ಪರವಾಗಿ ತೀರ್ಮಾನಿಸುವ ಪದ್ಧತಿಯೇ ಹೋಗಬೇಕೆಂದು ಅದರ ಸಮಿತಿ 2014ರಲ್ಲಿ ವಿವರಿಸಿತು. ಪ್ರಜ್ಞೆ ತಪ್ಪಿದಂತಿರುವ ತುರ್ತಿನಲ್ಲಿ ಇದು ನಡೆಯುವುದು ಹೇಗೆ ಎಂದು ಮನೋವೈದ್ಯರಲ್ಲಿ ಅನೇಕರು ತಕರಾರು ತೆಗೆಯುತ್ತಾರೆ, ಆ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ, ವಾದದ ಎರಡೂ ಕಡೆಯವರು ಒಪ್ಪುವ ಜಾಗವೇ ಬಹಳ ದೊಡ್ಡದಿದೆ, ಅಲ್ಲೇ ಕೆಲಸ ಬಾಕಿ ಬಿದ್ದಿದೆ. ಸರಳ ಭಾಷೆ, ನಂಬಿಕೆಯ ಒಬ್ಬರು ಪಕ್ಕದಲ್ಲಿ, ಬರೆದು ಕೊಟ್ಟ ಒಂದು ಹಾಳೆ, ಯೋಚಿಸಲು ಒಂದು ದಿನ. ಇಷ್ಟನ್ನು ಕೊಟ್ಟು ನೋಡದೆ "ಸಾಮರ್ಥ್ಯವಿಲ್ಲ" ಎಂದು ಬರೆಯುವ ಅಧಿಕಾರ ಯಾರಿಗೂ ಇರಬಾರದು.

ಮಾತ್ರೆಯ ಮಾತು

ವ್ಯಕ್ತಿಯ ಮಾತನ್ನು ನಂಬದಿದ್ದರೆ ದೇಹಕ್ಕೇ ಹಾನಿಯಾಗುವ ಜಾಗ ಔಷಧಿಯದು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಇಲ್ಲದ ಧ್ವನಿ ಕೇಳಿಸುವುದು, ಭ್ರಮೆ ಇಂಥವಕ್ಕೆ ಕೊಡುವ ಆಂಟಿಸೈಕೋಟಿಕ್ ಮಾತ್ರೆ ಶುರುಮಾಡಿದ ಅಥವಾ ಡೋಸ್ ಏರಿಸಿದ ಕೆಲವು ದಿನ, ವಾರಗಳಲ್ಲಿ ಕೆಲವರಿಗೆ ಅಕಥೀಸಿಯಾ ಎಂಬ ತೊಂದರೆ ಬರುತ್ತದೆ. ಒಳಗಿನಿಂದ ತಳಮಳ, ಕೂತಲ್ಲಿ ಕೂರಲಾಗದು, ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇರಬೇಕು, ಇಲ್ಲವೇ ವರಾಂಡದ ಉದ್ದಕ್ಕೂ ಓಡಾಡುತ್ತಲೇ ಇರಬೇಕು. ಅನುಭವಿಸಿದವರಿಗೆ ಅದು ನರಕ. ದೂರದಿಂದ ನೋಡುವ ಸಿಬ್ಬಂದಿಗೆ ಮಾತ್ರ ಅದು ಕಾಯಿಲೆ ಜೋರಾದಂತೆ ಕಾಣುತ್ತದೆ. "ಉದ್ವಿಗ್ನರಾಗಿದ್ದಾರೆ" ಎಂದು ಬರೆಯುತ್ತಾರೆ, ಡೋಸ್ ಏರುತ್ತದೆ, ಕಾರಣವೇ ಹೆಚ್ಚಾದ್ದರಿಂದ ತಳಮಳವೂ ಏರುತ್ತದೆ. ಈ ಸುತ್ತನ್ನು ಮುರಿಯಲು ಒಂದು ಪ್ರಶ್ನೆ ಸಾಕು: "ಮನಸ್ಸಿಗೆ ಗಾಬರಿಯಾಗಿ ಓಡಾಡ್ತೀರಾ, ಇಲ್ಲ ಕಾಲೇ ನಿಲ್ಲಲ್ಲ ಅನ್ನುತ್ತಾ?" ಈ ತೊಂದರೆಯನ್ನು ಅಳೆಯಲೆಂದು 1989ರಲ್ಲಿ ಬಂದ ಬಾರ್ನ್ಸ್ ಮಾಪಕದಲ್ಲೂ ಇದೇ ಇದೆ. ಕೂತಾಗ ಕನಿಷ್ಠ ಎರಡು ನಿಮಿಷ, ನಿಂತಾಗ ಕನಿಷ್ಠ ಎರಡು ನಿಮಿಷ ಕಾಲುಗಳನ್ನು ಗಮನಿಸಬೇಕು, ಆಮೇಲೆ ಅವರಿಗೇನು ಅನ್ನಿಸುತ್ತಿದೆ ಎಂದು ಕೇಳಬೇಕು. ಉತ್ತರ ಕಾಲಿನ ಕಡೆಗಿದ್ದರೆ ಡೋಸ್ ಇಳಿಸುವುದು, ಮದ್ದು ಬದಲಿಸುವುದು, ಪ್ರೊಪ್ರನೊಲಾಲ್‌ನಂಥದ್ದನ್ನು ಜೊತೆಗೆ ಕೊಡುವುದು ವೈದ್ಯರ ಮುಂದಿರುವ ದಾರಿಗಳು.

ಕ್ಲೋಜಪಿನ್ ಎಂಬ ಆಂಟಿಸೈಕೋಟಿಕ್ ತೆಗೆದುಕೊಳ್ಳುವವರ ವಿಷಯದಲ್ಲಿ ಕೇಳದೆ ಬಿಡುವ ಪ್ರಶ್ನೆ ಸಿಗರೇಟಿನದು. ಹೊಗೆಯಲ್ಲಿರುವ ಟಾರಿನ ಅಂಶಗಳು ಈ ಔಷಧಿಯನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕು ಮಾಡುತ್ತವೆ. ಹೊಗೆ ನಿಷೇಧವಿರುವ ವಾರ್ಡಿಗೆ ಸೇರಿ ಸೇದುವುದು ನಿಂತರೆ ರಕ್ತದಲ್ಲಿ ಔಷಧಿಯ ಮಟ್ಟ ಏರುತ್ತದೆ. ಮನೆಗೆ ಹೋಗಿ ಮತ್ತೆ ಹಚ್ಚಿದರೆ ಇಳಿಯುತ್ತದೆ. ನಿಕೋಟಿನ್ ಪಟ್ಟಿ ಅಂಟಿಸಿಕೊಂಡರೂ ಲೆಕ್ಕ ಬದಲಾಗದು, ಏಕೆಂದರೆ ಕೆಲಸ ಮಾಡುವುದು ನಿಕೋಟಿನ್ ಅಲ್ಲ, ಹೊಗೆ. ಮಲಬದ್ಧತೆಯ ಪ್ರಶ್ನೆಯೂ ಹಾಗೇ. ಮುಜುಗರದಿಂದ ಅವರು ಹೇಳುವುದಿಲ್ಲ, ಅವಸರದಲ್ಲಿ ಇವರು ಕೇಳುವುದಿಲ್ಲ. ಈ ಔಷಧಿಯಲ್ಲಿ ಅದು ಪ್ರಾಣಕ್ಕೆ ಬರಬಹುದು.

ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಲಿಥಿಯಂ ಕೊಡುವಾಗ ಹೇಳಬೇಕಾದ್ದು ಒಂದು ಹಾಳೆಯಷ್ಟಿದೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ಪರೀಕ್ಷೆಗೆ ರಕ್ತ ಕೊಡಬೇಕು. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಗುರಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್. ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ, ಮೈಕೈ ನೋವಿಗೆಂದು ಐಬುಪ್ರೊಫೆನ್ ನುಂಗಿದರೆ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗಿ, ವಾಂತಿಯಾಗಿ, ನಾಲಿಗೆ ತೊದಲಿ, ನಡಿಗೆ ತೂರಾಡಿದರೆ ಮುಂದಿನ ಭೇಟಿಯ ತನಕ ಕಾಯದೆ ತಕ್ಷಣ ಆಸ್ಪತ್ರೆಗೆ. ಇಷ್ಟು ಹೇಳದೆ ಪಡೆದ ಸಹಿ ಒಪ್ಪಿಗೆಯಲ್ಲ. ಇಂಥದ್ದಕ್ಕೇ ಕೊಡುವ ವಾಲ್‌ಪ್ರೊಯೇಟ್ ವಿಷಯ ಇನ್ನೂ ಗಂಭೀರ. ಗರ್ಭದಲ್ಲಿದ್ದಾಗ ಅದಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ದೊಡ್ಡ ದೋಷವಿರುತ್ತದೆ, ನೂರರಲ್ಲಿ 30ರಿಂದ 40 ಮಕ್ಕಳಿಗೆ ಬೆಳವಣಿಗೆಯ ತೊಂದರೆಗಳಾಗಬಹುದು. ಮಗು ಬೇಕೆಂದಿದೆಯಾ ಎಂದು ಕೇಳದೆ, ಈ ಲೆಕ್ಕ ಹೇಳದೆ ಇದನ್ನು ಬರೆದುಕೊಟ್ಟರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇನ್ನು ನಿಲ್ಲಿಸುವ ಮಾತು. "ಈ ಮಾತ್ರೆ ಸಾಕು, ಬಿಡಬೇಕು" ಎಂದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಬಿಡಲೇಬೇಡಿ, ಇಲ್ಲವೇ ಎರಡು ವಾರ ಅರ್ಧ ತಗೊಂಡು ನಿಲ್ಲಿಸಿ. ಎರಡನೆಯದು ಯಾಕೆ ಕೆಡುತ್ತದೆ ಎಂದು ಹೊರೊವಿಟ್ಜ್ ಮತ್ತು ಟೇಲರ್ ಎಂಬ ಇಬ್ಬರು ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟರು. ಖಿನ್ನತೆಗೆ ಕೊಡುವ ಸಿಟಾಲೊಪ್ರಾಂ 40 ಮಿಲಿಗ್ರಾಂ, ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ವಾಹಕಗಳಲ್ಲಿ ನೂರಕ್ಕೆ ಸುಮಾರು 86ನ್ನು ಹಿಡಿದಿಡುತ್ತದೆ. 20ಕ್ಕೆ ಇಳಿಸಿದರೂ ಸುಮಾರು 80. ಅರ್ಧ ಮದ್ದು ಹೋದರೂ ಮೆದುಳಿಗೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಸುಮಾರು 5 ಮಿಲಿಗ್ರಾಂನಲ್ಲೂ ಇನ್ನೂ 60ರ ಆಸುಪಾಸು ಇರುತ್ತದೆ. ಅಲ್ಲಿಂದ ಸೊನ್ನೆಗೆ ಹಾರುವುದೆಂದರೆ ಮಹಡಿಯಿಂದ ಧುಮುಕಿದ ಹಾಗೆ. ಹಾಗಾಗಿ ಕೆಳಗೆ ಬಂದಷ್ಟೂ ಮೆಟ್ಟಿಲು ಚಿಕ್ಕದಾಗಬೇಕು, ಒಂದು ಮಿಲಿಗ್ರಾಂಗಿಂತ ಕಡಿಮೆಗೂ ಹೋಗಬೇಕಾದೀತು. ಅದಕ್ಕೆ ಮಾತ್ರೆ ಸಾಲದು, ದ್ರವರೂಪದ ಔಷಧಿ ಬೇಕಾಗುತ್ತದೆ. ಬಿಟ್ಟ ಕೆಲ ದಿನದಲ್ಲೇ ತಲೆಯೊಳಗೆ ಕರೆಂಟು ಹೊಡೆದಂತಾಗುವುದು, ತಲೆಸುತ್ತು, ಇದ್ದಕ್ಕಿದ್ದಂತೆ ಅಳು ಬಂದರೆ ಅದು ಹೆಚ್ಚಾಗಿ ಮದ್ದು ಬಿಟ್ಟ ಲಕ್ಷಣ. ಅದನ್ನೇ "ನೋಡಿ, ಖಿನ್ನತೆ ಮರಳಿ ಬಂತು" ಎಂದು ಓದಿದರೆ ಆ ವ್ಯಕ್ತಿ ಬದುಕಿಡೀ ಮಾತ್ರೆಗೆ ಕಟ್ಟುಬೀಳುತ್ತಾರೆ. ಇದನ್ನು ಯಾರೂ ಒಬ್ಬರೇ ಮನೆಯಲ್ಲಿ ಪ್ರಯೋಗ ಮಾಡಬಾರದು, ಬರೆದುಕೊಟ್ಟ ವೈದ್ಯರ ಜೊತೆ ಕೂತು ಲೆಕ್ಕ ಹಾಕಬೇಕಾದ ಕೆಲಸ. ಹಾಗೆ ಕೂರಲು ಸಿದ್ಧರಿರುವ ವೈದ್ಯರು ಸಿಗದಿರುವುದೇ ಜನ ತಾವಾಗಿ ಏಕಾಏಕಿ ಬಿಡುವುದಕ್ಕೆ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಬಲಪ್ರಯೋಗಕ್ಕೆ ಮುಂಚೆ, ಆಮೇಲೆ

ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳ ಸರಪಳಿ ಬಿಚ್ಚಿಸಿದ್ದು ಡಾಕ್ಟರ್ ಫಿಲಿಪ್ ಪಿನೆಲ್ ಎಂದು ಚಿತ್ರಗಳು ತೋರಿಸುತ್ತವೆ. ಅಲ್ಲಿ 1797ರಲ್ಲಿ ಬಿಚ್ಚಿಸಿದ್ದು ವಾರ್ಡಿನ ಮೇಲ್ವಿಚಾರಕ ಜಾನ್ ಬಪ್ಟಿಸ್ಟ್ ಪ್ಯುಸ್ಸಾಂ. ಕುತ್ತಿಗೆಯ ಗ್ರಂಥಿಗಳ ಕ್ಷಯಕ್ಕೆ ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಅಲ್ಲೇ ಕೆಲಸಕ್ಕೆ ನಿಂತವನು ಆತ. ಗುಣವಾದ ರೋಗಿಗಳನ್ನೇ ಸಹಾಯಕರನ್ನಾಗಿ ಇಟ್ಟುಕೊಳ್ಳುತ್ತಿದ್ದ. ಚಿತ್ರದಲ್ಲಿ ಉಳಿದವರು ಡಾಕ್ಟರು, ಇರಲಿ.

ಇಂದಿನ ವಾರ್ಡಿನಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಭ್ರಮೆಯಿಂದಲ್ಲ, "ಇಲ್ಲ" ಎಂಬ ಪದದಿಂದ. ರಜೆ ಇಲ್ಲ, ಫೋನ್ ಇಲ್ಲ, ಈಗ ಡಾಕ್ಟರು ಬರಲ್ಲ. ಇಂಗ್ಲೆಂಡಿನಲ್ಲಿ ಲೆನ್ ಬೋವರ್ಸ್ ಮತ್ತು ಜೊತೆಗಾರರು ರೂಪಿಸಿದ ಸೇಫ್‌ವಾರ್ಡ್ಸ್ ಪದ್ಧತಿ ನೆಚ್ಚಿಕೊಂಡಿರುವುದು ಇಂಥ ಸಣ್ಣ ಘಳಿಗೆಗಳನ್ನು. ಅದರಲ್ಲಿ ಹತ್ತು ಸರಳ ಅಭ್ಯಾಸಗಳಿವೆ. ಕೆಟ್ಟ ಸುದ್ದಿ ಬರುತ್ತಿದೆ ಎಂದು ಗೊತ್ತಾದರೆ ಜಗಳ ಶುರುವಾಗುವ ಮುಂಚೆಯೇ ಒಬ್ಬರು ಹೋಗಿ ಪಕ್ಕದಲ್ಲಿ ಕೂತು ತಿಳಿಸಬೇಕು. ಪಾಳಿ ಬದಲಾಗುವಾಗ ಪ್ರತಿ ರೋಗಿಯ ಬಗ್ಗೆ ಒಂದು ಒಳ್ಳೆಯ ಸಂಗತಿ ಹೇಳಬೇಕು. ವಾರ್ಡಿನಲ್ಲಿ ಗಲಾಟೆಯಾದರೆ ಮುಗಿದ ಮೇಲೆ ನೋಡುತ್ತಾ ನಿಂತಿದ್ದ ಉಳಿದವರನ್ನೂ ಮಾತಾಡಿಸಿ ಧೈರ್ಯ ಹೇಳಬೇಕು. 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ನಡೆಸಿದ ಪ್ರಯೋಗದ ಫಲ 2015ರಲ್ಲಿ ಬಂತು. ಸಂಘರ್ಷ ನೂರಕ್ಕೆ 15ರಷ್ಟು, ಹಿಡಿದಿಡುವ, ಕೂಡಿಹಾಕುವಂಥ ಕ್ರಮಗಳು ಸುಮಾರು 26ರಷ್ಟು ಇಳಿದಿದ್ದವು.

ಎಲ್ಲ ಮಾಡಿಯೂ ಒಬ್ಬರನ್ನು ಹಿಡಿಯಬೇಕಾಗಿ ಬಂದರೆ? ಬೋರಲು ಮಲಗಿಸಬಾರದು. ಎದೆ, ಬೆನ್ನು, ಕುತ್ತಿಗೆಯ ಮೇಲೆ ಯಾರ ಭಾರವೂ ಬೀಳಬಾರದು, ಉಸಿರು ಕಟ್ಟುವುದು ಅಲ್ಲಿಯೇ. ಒಬ್ಬರ ಕೆಲಸ ತಲೆಯ ಹತ್ತಿರವಿದ್ದು ಉಸಿರಾಟ, ಮುಖದ ಬಣ್ಣ ನೋಡುತ್ತಾ ಮಾತಾಡಿಸುತ್ತಿರುವುದು, ಅವರು ಬೇರೇನನ್ನೂ ಮುಟ್ಟಬಾರದು. ಚುಚ್ಚುಮದ್ದು ಕೊಟ್ಟಿದ್ದರೆ ನಾಡಿ, ರಕ್ತದೊತ್ತಡ, ಉಸಿರಾಟ, ಜ್ವರ, ಎಚ್ಚರದ ಮಟ್ಟವನ್ನು ಕನಿಷ್ಠ ಗಂಟೆಗೊಮ್ಮೆ, ನಿದ್ದೆಹೋದಂತೆ ಕಂಡರೆ 15 ನಿಮಿಷಕ್ಕೊಮ್ಮೆ ನೋಡಬೇಕು. "ಮಲಗಿದ್ದಾರೆ, ಎಬ್ಬಿಸೋದು ಬೇಡ" ಎಂಬ ಕರುಣೆ ಇಲ್ಲಿ ಅಪಾಯಕಾರಿ.

ಆಮೇಲಿನ ಮಾತುಕತೆ ಬಹುತೇಕ ಕಡೆ ಉಪದೇಶವಾಗಿಬಿಡುತ್ತದೆ. "ಇನ್ನೊಂದ್ಸಲ ಹೀಗೆ ಮಾಡಬೇಡಿ" ಎಂದು ಹೇಳಿ ಸಹಿ ಹಾಕಿಸಿಕೊಂಡರೆ ಅದು ಎಚ್ಚರಿಕೆ ಪತ್ರ. ಕೇಳಬೇಕಾದ್ದು: ಶುರುವಾಗುವ ಹತ್ತು ನಿಮಿಷ ಮುಂಚೆ ಏನು ನಡೆದಿತ್ತು? ನಾವು ಯಾವಾಗ ಏನು ಮಾಡಿದ್ದರೆ ಇದು ತಪ್ಪುತ್ತಿತ್ತು? ಹಿಡಿದಾಗ ಯಾವುದು ಹೆಚ್ಚು ಹೆದರಿಸಿತು? ಕೇಳುವವರು ಹಿಡಿದವರಲ್ಲದೆ ಬೇರೆಯವರಾಗಿರಬೇಕು. ಈ ಕೆಲಸಕ್ಕೆ ಸ್ವತಃ ವಾರ್ಡಿನಲ್ಲಿ ಮಲಗಿ ಎದ್ದವರು, ಅಂದರೆ ಸಮಾನ ಅನುಭವದ ಸಹಾಯಕರು, ಎಲ್ಲರಿಗಿಂತ ಚೆನ್ನಾಗಿ ಒದಗುತ್ತಾರೆ. ಅವರಿಗೆ ಸಂಬಳ ಇರಬೇಕು, ತಂಡದಲ್ಲಿ ಅವರು ಒಬ್ಬಂಟಿಯಾಗಬಾರದು. "ನೀವು ಹೇಳಿದ್ರೆ ಕೇಳ್ತಾರೆ, ಮಾತ್ರೆ ನುಂಗಿಸಿ" ಎಂದು ಅವರನ್ನು ದಲ್ಲಾಳಿ ಮಾಡಿಕೊಂಡ ದಿನ ಆ ಹುದ್ದೆಯ ಅರ್ಥ ಮುಗಿಯಿತು.

ಮುಂಚಿತವಾಗಿ ಬರೆದಿಟ್ಟದ್ದು

ಬಿಕ್ಕಟ್ಟಿನಲ್ಲಿ ತನಗೇನು ಬೇಕು, ಏನು ಬೇಡ ಎಂದು ಚೆನ್ನಾಗಿರುವಾಗಲೇ ಬರೆದಿಡುವ ಯೋಜನೆ ಬಹಳ ಒಳ್ಳೆಯ ಉಪಕರಣ. ಅದು ಕೆಲಸಕ್ಕೆ ಬಾರದೆ ಹೋಗುವುದು ತೀರಾ ಸಾಮಾನ್ಯ ಕಾರಣಗಳಿಗೆ. ಡಿಸ್ಚಾರ್ಜ್ ದಿನ, ಆಟೋ ಕಾಯುತ್ತಿರುವಾಗ, ಅವಸರದಲ್ಲಿ ತುಂಬಿಸುತ್ತಾರೆ. ಭಾಷೆ ಸಿಬ್ಬಂದಿಯದ್ದಾಗಿರುತ್ತದೆ. ತಾರೀಖಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎರಡು ಗಂಟೆಗೆ ಬೇಕಾದಾಗ ಅದು ಬೀಗ ಹಾಕಿದ ಕಪಾಟಿನಲ್ಲಿರುತ್ತದೆ. ಒಂದೇ ಪುಟವಿರಲಿ. ಮೊದಲ ಸಾಲಿನಲ್ಲಿ ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಮಾಡಬಾರದು. ಆಮೇಲೆ ಕೆಡುತ್ತಿರುವುದಕ್ಕೆ ಮೊದಲ ಸೂಚನೆ, ಹಿಂದೆ ಒಗ್ಗಿದ ಮತ್ತು ಒಗ್ಗದ ಮದ್ದು, ಹತ್ತಿರ ಬರಬಹುದೇ ದೂರ ನಿಲ್ಲಬೇಕೇ. ಪ್ರತಿ ಒಂದು ಅವರ ಕೈಯಲ್ಲಿ, ಒಂದು ನಂಬಿಕೆಯವರ ಹತ್ತಿರ, ಒಂದು ಫೈಲಿನ ಮೊದಲ ಪುಟದಲ್ಲಿ.

ಆತ್ಮಹತ್ಯೆಯ ಯೋಚನೆ ಬರುವವರಿಗೆಂದೇ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಸುರಕ್ಷಾ ಯೋಜನೆಯಲ್ಲಿ ಆರು ಹೆಜ್ಜೆಗಳು. ನನ್ನ ಎಚ್ಚರಿಕೆಯ ಸೂಚನೆಗಳು, ಒಬ್ಬನೇ ಮಾಡಬಹುದಾದದ್ದು, ಗಮನ ಬೇರೆಡೆ ಹರಿಸುವ ಜನ ಮತ್ತು ಜಾಗ, ಬಾಯಿಬಿಟ್ಟು ಸಹಾಯ ಕೇಳಬಹುದಾದವರು, ವೃತ್ತಿಪರರ ಮತ್ತು ಸಹಾಯವಾಣಿಯ ನಂಬರು, ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಮಾಡುವುದು. ತುರ್ತು ವಿಭಾಗಕ್ಕೆ ಬಂದವರಿಗೆ ಈ ಯೋಜನೆ ಮಾಡಿಕೊಟ್ಟು ಆಮೇಲೆ ಫೋನಿನಲ್ಲಿ ವಿಚಾರಿಸುತ್ತಾ ಹೋದಾಗ ಆರು ತಿಂಗಳಲ್ಲಿ ಆತ್ಮಹತ್ಯಾ ವರ್ತನೆ ನೂರಕ್ಕೆ 45ರಷ್ಟು ಕಡಿಮೆಯಿತ್ತೆಂದು 2018ರ ಅಮೆರಿಕದ ಅಧ್ಯಯನ ಕಂಡುಕೊಂಡಿತು. ಇದಕ್ಕೆ ತಿರುಗುಮುರುಗು ಎಂದರೆ "ಸಾಯುವುದಿಲ್ಲ" ಎಂದು ಸಹಿ ಹಾಕಿಸಿಕೊಳ್ಳುವ ಒಪ್ಪಂದ ಪತ್ರ. ಅದು ಕೆಲಸ ಮಾಡುತ್ತದೆಂಬುದಕ್ಕೆ ಪುರಾವೆಯಿಲ್ಲ, ಕಾಯುವುದು ಹೆಚ್ಚಾಗಿ ಬರೆಸಿಕೊಂಡವರ ಮನಸ್ಸಿನ ನೆಮ್ಮದಿಯನ್ನು. ಅಪಾಯ "ಕಡಿಮೆ, ಮಧ್ಯಮ, ಹೆಚ್ಚು" ಎಂದು ಟಿಕ್ ಮಾಡುವ ಅಂಕಪಟ್ಟಿಗಳ ಕಥೆಯೂ ಅಷ್ಟೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಮುಂದಾಗುವುದನ್ನು ಊಹಿಸಲು ಅವನ್ನು ಬಳಸಲೇಬೇಡಿ ಎನ್ನುತ್ತದೆ. ಟಿಕ್ ಮಾಡುವ ಸಮಯವನ್ನು ಈ ಆರು ಹೆಜ್ಜೆಗೆ ಕೊಟ್ಟರೆ ಸಾಕು. ಯೋಜನೆ ಬರೆದಾಗ ಪೆನ್ನು ಅವರ ಕೈಯಲ್ಲೇ ಇರಲಿ. ಅಕ್ಷರ ಗೀಚಿದ ಹಾಗಿದ್ದರೂ ಪರವಾಗಿಲ್ಲ.

ಬಂದ, ಹೋದ, ಗಲಾಟೆ ಮಾಡಿದ

ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲೇ ಇದೆ. ಮುಖಾಮುಖಿಯಾದಾಗ "ಬನ್ನಿ, ಕೂತ್ಕೊಳ್ಳಿ" ಎನ್ನುವ ಸಿಬ್ಬಂದಿ ಪಾಳಿ ಬದಲಾಗುವಾಗ "ಆರನೇ ಬೆಡ್ಡಿನವನು ರಾತ್ರಿ ಎದ್ದ, ಗಲಾಟೆ ಮಾಡಿದ" ಎನ್ನುವುದನ್ನು ಕೇಳಿದರೆ ವಾರ್ಡಿನ ನಿಜವಾದ ಧ್ಯೇಯವಾಕ್ಯ ಗೊತ್ತಾಗುತ್ತದೆ. ಬರವಣಿಗೆಯೂ ಅದರ ಹಿಂದೆಯೇ ಹೋಗುತ್ತದೆ. ಒಂದು ಬೆಳಗಿನ ಟಿಪ್ಪಣಿ ಹೀಗಿರಬಹುದು: "ಮಾತ್ರೆ ನಿರಾಕರಿಸಿದ. ಅಸಹಕಾರ. ಒಳನೋಟವಿಲ್ಲ." ಅದೇ ಬೆಳಗನ್ನು ಹೀಗೂ ಬರೆಯಬಹುದು: "ಎಂಟು ಗಂಟೆಯ ಮಾತ್ರೆ ಬೇಡ ಎಂದರು. 'ಇದು ತಗೊಂಡ್ರೆ ನಾಲಿಗೆ ದಪ್ಪ ಆಗತ್ತೆ, ಮಗಳು ಫೋನ್ ಮಾಡ್ದಾಗ ಮಾತಾಡೋಕಾಗಲ್ಲ' ಎಂದು ಕಾರಣ ಹೇಳಿದರು. ಮಗಳ ಫೋನ್ ಬರುವುದು ಒಂಬತ್ತಕ್ಕೆ. ರಾತ್ರಿಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿದ್ದೇನೆ." ಎರಡನೆಯದಕ್ಕೆ ಒಂದು ನಿಮಿಷ ಜಾಸ್ತಿ ಬೇಕು. ಮೊದಲನೆಯದನ್ನು ಓದಿದ ಮುಂದಿನ ಪಾಳಿಯವರು ಬಲವಂತಕ್ಕೆ ತಯಾರಾಗಿ ಹೋಗುತ್ತಾರೆ, ಎರಡನೆಯದನ್ನು ಓದಿದವರು ಗಡಿಯಾರ ನೋಡುತ್ತಾರೆ. "ಒಳನೋಟವಿಲ್ಲ" (ತನಗೆ ಕಾಯಿಲೆಯಿದೆ ಎಂಬ ಅರಿವಿಲ್ಲ) ಎಂಬ ಪದವನ್ನಂತೂ ಬರೆಯುವ ಮುಂಚೆ ಒಮ್ಮೆ ನಿಲ್ಲಬೇಕು. ಹಲವು ಸಲ ಅದರ ಅರ್ಥ "ನನ್ನ ಮಾತು ಒಪ್ಪಲಿಲ್ಲ" ಎಂದಷ್ಟೇ.

ಫಿನ್ಲೆಂಡಿನ ಪಶ್ಚಿಮ ಲ್ಯಾಪ್‌ಲ್ಯಾಂಡಿನಲ್ಲಿ, ಟೋರ್ನಿಯೋ ಊರಿನ ಕೆರೊಪುಡಾಸ್ ಆಸ್ಪತ್ರೆಯಲ್ಲಿ 1980ರ ದಶಕದಿಂದ ಬೆಳೆದ ಓಪನ್ ಡೈಲಾಗ್ ಪದ್ಧತಿಯಲ್ಲಿ ಒಂದು ನಿಯಮವಿದೆ. ಒಬ್ಬರ ಬಗ್ಗೆ ಸಿಬ್ಬಂದಿ ಏನೇ ಚರ್ಚಿಸಲಿ, ಅದು ಅವರ ಎದುರಿನಲ್ಲೇ ಆಗಬೇಕು. ಕರೆ ಬಂದ 24 ಗಂಟೆಯೊಳಗೆ ಮೊದಲ ಸಭೆ, ಆ ವ್ಯಕ್ತಿ, ಅವರಿಗೆ ಬೇಕಾದವರು, ಇಬ್ಬರು ಮೂವರು ಸಿಬ್ಬಂದಿ ಒಂದೇ ಕೋಣೆಯಲ್ಲಿ. ಆ ಪದ್ಧತಿಯ ಫಲಿತಾಂಶಗಳ ಬಗ್ಗೆ ಬಂದ ಮೊದಮೊದಲ ಅಧ್ಯಯನಗಳು ಚಿಕ್ಕವು, ಹೋಲಿಕೆಗೆ ಸರಿಯಾದ ಇನ್ನೊಂದು ಗುಂಪಿರಲಿಲ್ಲ, ಆದ್ದರಿಂದ ಪವಾಡವೆಂದು ಸಾರುವುದು ಬೇಡ. ಆದರೆ ಆ ಒಂದು ನಿಯಮಕ್ಕೆ ಹೊಸ ಕಟ್ಟಡ ಬೇಡ, ಹಣ ಬೇಡ.

ಕಡೆಗೆ ಡಿಸ್ಚಾರ್ಜ್ ಪತ್ರ. ಇದನ್ನು ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಬರೆಯುವುದು ವಾಡಿಕೆ, ಯಾರ ಬಗ್ಗೆ ಬರೆದಿದೆಯೋ ಅವರಿಗೆ ಒಂದು ಪ್ರತಿ ಸಿಕ್ಕರೆ ಪುಣ್ಯ. ಹೊರರೋಗಿ ಪತ್ರಗಳನ್ನು ರೋಗಿಗೇ ನೇರವಾಗಿ ಬರೆಯಿರಿ, ಪ್ರತಿಯನ್ನು ಡಾಕ್ಟರಿಗೆ ಕಳಿಸಿ ಎಂದು ಬ್ರಿಟನ್ನಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2018ರಲ್ಲಿ ಸಲಹೆ ಕೊಟ್ಟಿತು. ಡಿಸ್ಚಾರ್ಜ್ ಪತ್ರಕ್ಕೂ ಅದನ್ನೇ ಹಚ್ಚಿ ಕನ್ನಡದಲ್ಲಿ ಬರೆದು ನೋಡಿದರೆ ತಮಾಷೆಯೊಂದು ಗೊತ್ತಾಗುತ್ತದೆ. "ಇವರಿಗೆ ಒಳನೋಟವಿಲ್ಲ" ಎಂದು ಬರೆಯುವ ಕೈ "ನಿಮಗೆ ಒಳನೋಟವಿಲ್ಲ" ಎಂದು ಬರೆಯಲು ಏಳುವುದಿಲ್ಲ. "ಇದು ಕಾಯಿಲೆಯಲ್ಲ, ದಣಿವು ಎಂದು ನೀವು ಹೇಳಿದಿರಿ. ನನಗೆ ಹಾಗನ್ನಿಸುತ್ತಿಲ್ಲ, ಕಾರಣ ಇದು" ಎಂದೇ ಬರೆಯಬೇಕಾಗುತ್ತದೆ. ಬಲಗಡೆ ಮೂರು ಬೆರಳಿನಷ್ಟು ಅಂಚು ಖಾಲಿ ಬಿಡಿ, ತಪ್ಪಿದ್ದಲ್ಲಿ ಅವರು ತಿದ್ದಿ ಮುಂದಿನ ಭೇಟಿಗೆ ತರುತ್ತಾರೆ. ತಿದ್ದಿದ ಆ ಪ್ರತಿಯೂ ಫೈಲಿಗೆ ಸೇರಲಿ.